ಬಿಲ್ ಸೊನ್ನೆ ಇರುವಾಗ ಸೋಲಾರ್ ಯಾಕೆ?

ರಜೆಗೆ ಗುಂಡ್ಲುಪೇಟೆ ಹತ್ತಿರದ ನಮ್ಮೂರಿಗೆ ಹೋದಾಗ ‘ಚಾವಣಿಗೆ ಸೋಲಾರ್ ಹಾಕಿಸೋಣ’ ಎಂದೆ. ಅಪ್ಪ ಸೆಸ್ಕ್ ಬಿಲ್ ಮುಂದಿಟ್ಟರು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಯ ಬಿಲ್ ಸೊನ್ನೆ.

ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟ್‌ಗೆ 60,000 ರೂಪಾಯಿ, 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಉಳಿದದ್ದಕ್ಕೆ ಸಾಲವೇ ಗತಿ. ತಿಂಗಳಿಗೆ ಒಂದು ರೂಪಾಯಿಯೂ ಉಳಿಯದಿದ್ದರೆ ಕಂತು ಕಟ್ಟುವುದು ಯಾವುದರಿಂದ? ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವವರ ಲೆಕ್ಕ ಬೇರೆ. ಒಂದು ಕಿಲೋವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಂಥವರು ಖಂಡಿತ ಹಾಕಿಸಬೇಕು.

ಅಮ್ಮ ಕೇಳಿದ್ದು ಒಂದೇ: ‘ಕರೆಂಟ್ ಹೋದಾಗ ಉರಿಯುತ್ತಾ?’ ಇಲ್ಲ. ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಗ್ರಿಡ್‌ಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಸಬ್ಸಿಡಿ ಇರುವುದು ಅದಕ್ಕೇ, ಬ್ಯಾಟರಿಗಲ್ಲ. ಬಂಡೀಪುರದ ಕಾಡಂಚಿನವರಿಗೆ ಬೆಳಕು ಬೇಕಾಗುವುದು ಆನೆ ಬರುವ ಹೊತ್ತಿನಲ್ಲಿ, ಕತ್ತಲಲ್ಲಿ. ಹೊಲದ ಸೋಲಾರ್ ಬೇಲಿ ರಾತ್ರಿ ಕೆಲಸ ಮಾಡುವುದೂ ಬ್ಯಾಟರಿಯಿಂದಲೇ. ಇಷ್ಟನ್ನು ತಿಳಿಯಲು ಬಿಇ ಓದಬೇಕಿರಲಿಲ್ಲ, ಅಮ್ಮನನ್ನು ಮೊದಲೇ ಕೇಳಬಹುದಿತ್ತು.

ಸದ್ಯ ಹಿತ್ತಿಲಿಗೆ ಬ್ಯಾಟರಿಯ ಸೋಲಾರ್ ದೀಪವೊಂದನ್ನು ತಂದಿದ್ದೇವೆ. ಚಾವಣಿ ಖಾಲಿಯೇ ಇದೆ.