ಕೈಗೆ ಪಳಗುವ ವಾದ್ಯ

ಬಹುಕಾಲ ವೀಣೆಯನ್ನು ಸಾಧನೆ ಮಾಡಿದವರ ಎಡಗೈಯನ್ನು ಹತ್ತಿರದಿಂದ ನೋಡಿದರೆ, ತೋರುಬೆರಳು ನಡುಬೆರಳುಗಳ ತುದಿಯಲ್ಲಿ ತಂತಿ ಕೊರೆದ ಗೀರು ಕಾಣುತ್ತದೆ. ಅದು ಒಂದು ದಿನದಲ್ಲಿ ಬಿದ್ದುದಲ್ಲ. ಮೆಟ್ಟಿನ ಮೇಲೆ ತಂತಿಯನ್ನು ಒತ್ತಿ, ಪಕ್ಕಕ್ಕೆ ಎಳೆದು, ತೋಡಿಯ ಗಾಂಧಾರವನ್ನು ಅದಕ್ಕೆ ಸಲ್ಲುವ ತೂಗಾಟದಲ್ಲಿ ನಿಲ್ಲಿಸುವುದಕ್ಕಾಗಿ ಪಟ್ಟ ಅಸಂಖ್ಯ ಪ್ರಯತ್ನಗಳಲ್ಲಿ ಮೊದಲು ನೋವಾಗಿ, ಅನಂತರ ಜಡ್ಡಾಗಿ, ಕಟ್ಟಕಡೆಗೆ ವೈಣಿಕನ ಅರಿವಿನ ಒಂದು ಅಂಗವೇ ಆಗಿ ಪರಿಣಮಿಸಿದ ಗುರುತು ಅದು. ವಿದ್ಯುತ್ತಿನಿಂದ ಹುಟ್ಟುವ ಸಂಗೀತದ ವಿಷಯವಾಗಿ ನಾನು ಹೇಳಬೇಕೆಂದಿರುವುದೆಲ್ಲ ಈ ಗೀರಿನಿಂದಲೇ ಹೊರಡತಕ್ಕದ್ದು.

ಗಣಕಯಂತ್ರದ ಮುಂದೆ ಕುಳಿತು ತಂತ್ರಾಂಶದ ನೆರವಿನಿಂದ ಸಂಗೀತವನ್ನು ರಚಿಸುವವರ ಸಂಖ್ಯೆ ನಮ್ಮ ನಗರಗಳಲ್ಲಿ ಈಗ ಅಲ್ಪವಾದುದಲ್ಲ. ಕೋಣೆಯ ಏಕಾಂತದಲ್ಲಿ ನಾದವನ್ನು ಕತ್ತರಿಸಿ, ಜೋಡಿಸಿ, ಪದರದ ಮೇಲೆ ಪದರವಿಟ್ಟು ಕಟ್ಟುವ ಆ ಕೆಲಸದಲ್ಲಿ ಕಲೆಯಿಲ್ಲವೆಂದು ಹೇಳುವವನು ನಾನಲ್ಲ. ಕವಿಯು ಬರೆಯುವಾಗ ಯಾರೂ ಎದುರಿಗೆ ಕುಳಿತಿರಬೇಕಾಗಿಲ್ಲ. ಆದರೆ ಅದೇ ವ್ಯಕ್ತಿ ಅದೇ ಯಂತ್ರವನ್ನು ಎತ್ತಿಕೊಂಡು ಸಭೆಗೆ ಬಂದು ಮೇಜಿನ ಹಿಂದೆ ನಿಂತಾಗ, ಎಂತಹ ಭೋರ್ಗರೆತವಾದರೂ ಎಂತಹ ನಿಟ್ಟುಸಿರಾದರೂ ಬೆರಳಿನ ಒಂದೇ ಬಗೆಯ ಸಣ್ಣ ತಟ್ಟಿನಿಂದ ಹೊರಡುವುದನ್ನು ಕಂಡಾಗ, ನಾದಕ್ಕೂ ದೇಹಕ್ಕೂ ಇದ್ದ ನಂಟು ಎಲ್ಲಿಯೋ ಕಡಿದುಹೋಗಿದೆಯೆಂದು ಶ್ರೋತೃವಿಗೆ ತೋರದೆ ಇರದು. ಮೃದಂಗದ ಮೇಲೆ ಅಂಗೈ ಎಷ್ಟು ಎತ್ತರದಿಂದ ಇಳಿಯಿತೆಂಬುದನ್ನು ಕಣ್ಣು ಕಂಡು, ಕಿವಿಗೆ ಒಂದು ಕ್ಷಣ ಮೊದಲೇ ತಿಳಿಸುತ್ತದೆ. ಆ ಮುನ್ನರಿವಿನಲ್ಲಿಯೇ ಕಚೇರಿಯ ಅರ್ಧ ರಸ ಅಡಗಿದೆ.

ಈ ಕೊರತೆಯನ್ನು ಮೊದಲು ಅರಿತವರಲ್ಲಿ ಗಣಕಯಂತ್ರದಿಂದ ಸಂಗೀತವನ್ನು ಹೊರಡಿಸಿದವರೇ ಇದ್ದರೆಂಬುದು ಗಮನಿಸತಕ್ಕ ಸಂಗತಿ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಎಂಜಿನಿಯರಾದ ಮ್ಯಾಕ್ಸ್ ಮ್ಯಾಥ್ಯೂಸ್ 1957ರಲ್ಲಿ ತಾವು ಬರೆದ ತಂತ್ರಾಂಶದ ಮೂಲಕ ಐಬಿಎಂ ಯಂತ್ರವೊಂದರಿಂದ 17 ಸೆಕೆಂಡುಗಳ ಒಂದು ಕಿರುರಚನೆಯನ್ನು ನುಡಿಸಿದರು. ಲೆಕ್ಕದಿಂದ ಎಂತಹ ನಾದವನ್ನಾದರೂ ಸೃಷ್ಟಿಸಬಹುದೆಂಬುದು ಅಂದಿಗೆ ಸಿದ್ಧವಾಯಿತು. ಅಷ್ಟಾದ ಮೇಲೆ ಸ್ವತಃ ಪಿಟೀಲು ಬಾರಿಸುತ್ತಿದ್ದ ಆ ಮನುಷ್ಯ ತಮ್ಮ ಹಿರಿಯ ವಯಸ್ಸಿನ ಬಹುಭಾಗವನ್ನು ಯಾವುದರಲ್ಲಿ ಕಳೆದರು? ಎರಡು ಕೋಲುಗಳಲ್ಲಿ. ತುದಿಯಲ್ಲಿ ಪುಟ್ಟ ರೇಡಿಯೋ ಪ್ರೇಷಕವುಳ್ಳ ಆ ಕೋಲುಗಳು ಒಂದು ಹಲಗೆಯ ಮೇಲೆ ಎಲ್ಲಿ, ಎಷ್ಟು ಎತ್ತರದಲ್ಲಿ ಚಲಿಸುತ್ತಿವೆಯೆಂಬುದನ್ನು ಯಂತ್ರ ಗ್ರಹಿಸುತ್ತಿತ್ತು. ಹಿಡಿದವರ ಕೈ ನಿಧಾನವಾದರೆ ಸಂಗೀತವೂ ನಿಧಾನವಾಗುತ್ತಿತ್ತು. ಯಂತ್ರಕ್ಕೆ ಕಂಠವನ್ನು ಕೊಟ್ಟವರೇ ಅದಕ್ಕೆ ಸ್ಪರ್ಶವನ್ನೂ ಕೊಡಬೇಕಾಗಿ ಬಂದುದು ಆಕಸ್ಮಿಕವಲ್ಲವೆಂದು ನನ್ನ ಭಾವನೆ.

ಅದಕ್ಕೂ ಹಿಂದಿನ ನಿದರ್ಶನವೊಂದುಂಟು. ರಷ್ಯದ ಭೌತವಿಜ್ಞಾನಿ ಲೆವ್ ಟೆರ್ಮೆನ್ 1920ರ ಸುಮಾರಿಗೆ ನಿರ್ಮಿಸಿದ, ಥೆರಮಿನ್ ಎಂದು ಪ್ರಸಿದ್ಧವಾದ ವಾದ್ಯವನ್ನು ಯಾರೂ ಮುಟ್ಟುವುದೇ ಇಲ್ಲ. ಒಂದು ಲೋಹದ ಕಡ್ಡಿಯ ಬಳಿ ಕೈ ಸರಿದಂತೆ ಶ್ರುತಿ ಏರುತ್ತದೆ, ಇನ್ನೊಂದರ ಬಳಿ ಕೈ ಸರಿದಂತೆ ದನಿ ತಗ್ಗುತ್ತದೆ. ಕೈಯ ಸಾಮೀಪ್ಯದಿಂದ ವಿದ್ಯುತ್ ಧಾರಕತೆಯಲ್ಲಿ ಆಗುವ ಅತ್ಯಲ್ಪ ವ್ಯತ್ಯಾಸವೇ ಅದರ ಸರ್ವಸ್ವ. ಹಿಡಿಯಲು ತಂತಿಯಿಲ್ಲದ, ಒರಗಲು ಮೆಟ್ಟಿಲ್ಲದ ಆ ಶೂನ್ಯದಲ್ಲಿ ಸ್ವರವನ್ನು ಕಂಡುಹಿಡಿಯುವುದು ದುಸ್ಸಾಧ್ಯವಾದುದರಿಂದ ಅದು ಬಹುಮಂದಿಯ ಕೈಯಲ್ಲಿ ಬರಿಯ ವಿಸ್ಮಯದ ವಸ್ತುವಾಗಿ ಉಳಿಯಿತು. ಆದರೆ ಕ್ಲಾರಾ ರಾಕ್‌ಮೋರ್ ಎಂಬ ಪಿಟೀಲುಗಾರ್ತಿ, ಕೈಯ ತೊಂದರೆಯಿಂದ ಪಿಟೀಲನ್ನು ಬಿಡಬೇಕಾಗಿ ಬಂದವರು, ಆ ಶೂನ್ಯಕ್ಕೇ ಬೆರಳುಗಳ ಒಂದು ಕ್ರಮವನ್ನು ರಚಿಸಿಕೊಂಡರು. ಗಾಳಿಯಲ್ಲಿ ಬೆರಳನ್ನು ಇಷ್ಟು ಚಾಚಿದರೆ ಇಷ್ಟು ಅಂತರ ಎಂಬ ಲೆಕ್ಕ ದೇಹಗತವಾಗುವವರೆಗೆ ಸಾಧನೆ ಮಾಡಿದರು. ಟೆರ್ಮೆನ್‌ಗೆ ಹೇಳಿ ತಮ್ಮ ವಾದ್ಯದ ಸ್ಥಾಯಿಯನ್ನು ಹಿಗ್ಗಿಸಿಕೊಂಡರು. ವಿಜ್ಞಾನಿಯು ಕೊಟ್ಟದ್ದು ಉಪಕರಣ. ಅದನ್ನು ವಾದ್ಯವಾಗಿಸಿದ್ದು ಆ ಹೆಂಗಸಿನ ಸಾಧನೆ.

ಈ ಎಳೆ ಮುಂದೆ ಬೆಳೆಯಬೇಕಾದ ಹೊತ್ತಿಗೆ ವ್ಯಾಪಾರದ ಅನುಕೂಲ ಅದನ್ನು ಬೇರೊಂದು ದಿಕ್ಕಿಗೆ ತಿರುಗಿಸಿತು. 1983ರಲ್ಲಿ ಬೇರೆ ಬೇರೆ ಕಂಪನಿಗಳ ವಿದ್ಯುದ್ವಾದ್ಯಗಳು ಪರಸ್ಪರ ಮಾತಾಡಿಕೊಳ್ಳಲು ಮಿಡಿ ಎಂಬ ಸಮಾನ ಭಾಷೆ ಬಳಕೆಗೆ ಬಂದಿತು. ಅದರಿಂದಾದ ಉಪಕಾರ ದೊಡ್ಡದು. ಆದರೆ ಅದು ಕೀಲಿಮಣೆಯ ದೃಷ್ಟಿಯಿಂದ ರೂಪುಗೊಂಡ ಭಾಷೆ: ಯಾವ ಮನೆ ಒತ್ತಲ್ಪಟ್ಟಿತು, ಎಷ್ಟು ಬಿರುಸಾಗಿ, ಯಾವಾಗ ಬಿಡಲ್ಪಟ್ಟಿತು ಎಂಬುದೇ ಅದರ ಮುಖ್ಯ ವಾರ್ತೆ, ಬಿರುಸಿಗೂ ಇತರ ಬಹುತೇಕ ಗುಣಗಳಿಗೂ ಅದು ಇಟ್ಟ ಅಳತೆ 128 ಮೆಟ್ಟಿಲುಗಳದು. ಸ್ವರವನ್ನು ಬಾಗಿಸಲು ಒಂದು ಚಕ್ರವನ್ನು ಪ್ರತ್ಯೇಕವಾಗಿ ಕೊಟ್ಟರು, ಅದರ ಅಳತೆಯೂ ಸೂಕ್ಷ್ಮವಾದುದೇ. ಆದರೆ ಅದನ್ನು ತಿರುಗಿಸಿದರೆ ಒಂದೇ ವಾಹಿನಿಯಲ್ಲಿ, ಎಂದರೆ ಸಂದೇಶ ಹರಿಯುವ ಒಂದೇ ಹಾದಿಯಲ್ಲಿ, ನುಡಿಯುತ್ತಿರುವ ಸ್ವರಗಳೆಲ್ಲ ಒಟ್ಟಿಗೆ ಬಾಗುತ್ತವೆ. ಬಲಗೈ ಮನೆಯನ್ನು ಒತ್ತಿದಾಗ ಎಡಗೈ ಚಕ್ರವನ್ನು ತಿರುಗಿಸಿ ಕಂಪಿತವನ್ನು ಹುಟ್ಟಿಸುವುದೆಂದರೆ, ಒಬ್ಬನು ಹಾಡುತ್ತಿರುವಾಗ ಇನ್ನೊಬ್ಬನು ಅವನ ಗಂಟಲನ್ನು ಅಲುಗಾಡಿಸಿದಂತೆ.

ಕನ್ನಡಿಗರಿಗೆ ಈ ಸಂಕಟ ಹೊಸತಲ್ಲ. ಹಾರ್ಮೋನಿಯಮ್ಮು ನಮ್ಮಲ್ಲಿಗೆ ಬಂದಾಗಲೂ ಇದೇ ವಾದ ನಡೆಯಿತು. ಗಮಕವನ್ನು ನುಡಿಸಲಾರದೆಂಬ ಕಾರಣದಿಂದ ಆಕಾಶವಾಣಿ 1940ರಲ್ಲಿ ಅದನ್ನು ಬಹಿಷ್ಕರಿಸಿತು. 1971ರವರೆಗೂ ಆ ಬಹಿಷ್ಕಾರ ಸಡಿಲಲಿಲ್ಲ. ಅಷ್ಟರಲ್ಲಿ ನಾಟಕ ಕಂಪನಿಗಳ ಕಾಲುಪೆಟ್ಟಿಗೆಯವರೂ ಹುಬ್ಬಳ್ಳಿ ಧಾರವಾಡಗಳ ಸಾಥಿಯವರೂ ಬಹಿಷ್ಕಾರ ಸಡಿಲುವುದಕ್ಕೆ ಕಾಯದೆ ತಮ್ಮ ದಾರಿಯಲ್ಲಿ ತಾವು ನಡೆದು, ಗಾಯಕನ ಬೆನ್ನಿಗೆ ಆ ಪೆಟ್ಟಿಗೆಯನ್ನು ನೆರಳಿನಂತೆ ನಿಲ್ಲಿಸಿಬಿಟ್ಟಿದ್ದರು. ವಾದ್ಯಕ್ಕೆ ಒಂದು ಮಿತಿಯಿದ್ದುದು ನಿಜ. ಆದರೆ ಆ ಮಿತಿ ಸ್ಥಿರವಾಗಿದ್ದುದರಿಂದ, ಎಂದರೆ ವರ್ಷ ವರ್ಷವೂ ಬದಲಾಗದಿದ್ದುದರಿಂದ, ಬೆರಳುಗಳಿಗೆ ಅದರೊಳಗೆ ಓಡಾಡುವ ಜಾಣ್ಮೆಯನ್ನು ಕಲಿಯಲು ಅವಕಾಶ ದೊರೆಯಿತು. ಈ ಮಾತಿಗೆ ನಾನು ಮತ್ತೆ ಬರುತ್ತೇನೆ.

ಮಿಡಿ ಬಂದ ಮರುವರ್ಷವೇ, 1984ರಲ್ಲಿ, ಆಮ್ಸ್ಟರ್‌ಡಾಮಿನ ಸ್ಟೈಮ್ ಸಂಸ್ಥೆಯಲ್ಲಿ ಮಿಶೆಲ್ ವೈಸ್‌ವಿಸ್ ಎಂಬ ಕಲಾವಿದರು ಅದೇ ಭಾಷೆಯನ್ನು ಕೀಲಿಮಣೆಯಿಂದ ಬಿಡಿಸಿ ಎರಡೂ ಕೈಗಳಿಗೆ ಕಟ್ಟಿಕೊಂಡರು. ಅವರು ‘ಕೈಗಳು’ ಎಂದೇ ಕರೆದ ಆ ಸಲಕರಣೆಯಲ್ಲಿ ಬೆರಳಿಗೆ ಗುಂಡಿಗಳಿದ್ದವು. ಕೈ ವಾಲಿದರೆ ಅದನ್ನು ತಿಳಿಯುವ ಸೆನ್ಸರುಗಳಿದ್ದವು. ಎರಡು ಕೈಗಳ ನಡುವಣ ದೂರವನ್ನು, ಕಿವಿಗೆ ಕೇಳಿಸದ ಶಬ್ದದ ಅಲೆಗಳಿಂದ ಅಳೆಯುವ ಏರ್ಪಾಡಿತ್ತು. ಆದರೆ ನನ್ನ ಮನಸ್ಸನ್ನು ಸೆಳೆದದ್ದು ಈ ಯಂತ್ರಚಾತುರ್ಯವಲ್ಲ. ಅದನ್ನು ತಿದ್ದುವ ಕೆಲಸವನ್ನು ವೈಸ್‌ವಿಸ್ ಆಗಾಗ ಬುದ್ಧಿಪೂರ್ವಕವಾಗಿ ನಿಲ್ಲಿಸಿಬಿಡುತ್ತಿದ್ದರು. ಎರಡು ಮೂರು ವರ್ಷಗಳ ಕಾಲ ಒಂದು ಸೆನ್ಸರನ್ನೂ ಸೇರಿಸದೆ, ಇದ್ದುದನ್ನೇ ನುಡಿಸುತ್ತ, ಅದರ ಎಲ್ಲೆಗಳನ್ನು ಶೋಧಿಸುತ್ತಿದ್ದರು. 2008ರಲ್ಲಿ ತೀರಿಕೊಂಡ ಆ ವಾದಕರು ಎರಡು ದಶಕಗಳಿಗೂ ಮೀರಿ ಒಂದೇ ವಾದ್ಯಕುಲಕ್ಕೆ ನಿಷ್ಠರಾಗಿದ್ದರು. ಹೊಸ ವಿದ್ಯುದ್ವಾದ್ಯಗಳ ಲೋಕದಲ್ಲಿ ಇಂತಹ ಸಂಯಮಕ್ಕಿಂತ ವಿರಳವಾದ ಗುಣವನ್ನು ನಾನು ಕಾಣೆ.

ಇದಕ್ಕಿಂತ ಹೆಚ್ಚು ಜನಪ್ರಿಯವಾದುದು ಬಾರ್ಸಿಲೋನದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಸೆರ್ಜಿ ಜೋರ್ಡಾ ಮೊದಲಾದ ನಾಲ್ವರು ನಿರ್ಮಿಸಿ 2005ರಲ್ಲಿ ಜನರ ಮುಂದಿಟ್ಟ ರಿಯಾಕ್ಟೇಬಲ್. ಅದೊಂದು ದುಂಡುಮೇಜು, ಬೆಳಕು ಹಾಯುವ ಅದರ ಹಲಗೆಯ ಕೆಳಗೆ ಕ್ಯಾಮೆರಾ ಒಂದು, ಪ್ರೊಜೆಕ್ಟರು ಒಂದು. ಮೇಲಿಡುವ ಬಿಲ್ಲೆಗಳ ತಳದಲ್ಲಿ ಒಂದೊಂದಕ್ಕೂ ಒಂದೊಂದು ಚಿಹ್ನೆ; ಕ್ಯಾಮೆರಾ ಅದನ್ನು ಗುರುತಿಸಿ, ಇದು ನಾದವನ್ನು ಹುಟ್ಟಿಸುವ ಬಿಲ್ಲೆ, ಇದು ಸೋಸುವ ಬಿಲ್ಲೆ ಎಂದು ತಂತ್ರಾಂಶಕ್ಕೆ ತಿಳಿಸುತ್ತದೆ. ಎರಡನ್ನು ಸಮೀಪಕ್ಕೆ ತಂದರೆ ಅವು ತಾವಾಗಿಯೇ ಕೂಡಿಕೊಳ್ಳುತ್ತವೆ. ನಡುವೆ ಹರಿಯುವ ನಾದದ ಅಲೆ ಮೇಜಿನ ಮೇಲೆ ಬೆಳಕಿನ ಗೆರೆಯಾಗಿ ಮೂಡುತ್ತದೆ. ಬಿಲ್ಲೆಯನ್ನು ತಿರುಗಿಸಿದರೆ ಅದರ ಗುಣ ಬದಲಾಗುತ್ತದೆ. 2007ರಲ್ಲಿ ಐಸ್ಲೆಂಡಿನ ಗಾಯಕಿ ಬ್ಯೋರ್ಕ್ ತಮ್ಮ ಪ್ರವಾಸದ ಕಚೇರಿಗಳಲ್ಲಿ ಇದನ್ನು ಬಳಸಿಕೊಂಡ ಮೇಲೆ ಅದರ ಕೀರ್ತಿ ಹಬ್ಬಿತು. ನಾದವನ್ನು ಹೀಗೆ ಕಣ್ಣಿಗೆ ಕಾಣುವಂತೆ, ನಾಲ್ಕಾರು ಮಂದಿ ಸುತ್ತ ನಿಂತು ಪಗಡೆಯ ಹಾಸಿನ ಮೇಲೆ ಕಾಯಿ ನಡೆಸಿದಂತೆ ನುಡಿಸುವಂತೆ ಮಾಡಿದ ಅವರ ಪ್ರತಿಭೆಗೆ ನಾನು ತಲೆಬಾಗುತ್ತೇನೆ. ಆದರೂ ಒಂದು ಮಾತು. ಬಿಲ್ಲೆಯನ್ನು ಮಂದ್ರಕ್ಕೆ ತಿರುಗಿಸಿದರೂ ತಾರಕ್ಕೆ ತಿರುಗಿಸಿದರೂ ಬೆರಳಿಗೆ ಆಗುವ ಅನುಭವ ಒಂದೇ. ಅದು ಕೈಗೆ ಪ್ರತಿಯಾಗಿ ಏನನ್ನೂ ಹೇಳುವುದಿಲ್ಲ. ವೀಣೆಯ ತಂತಿಯಾದರೋ ಎಳೆದಷ್ಟೂ ಬಿಗಿಯುತ್ತದೆ. ಆ ಬಿಗಿತವೇ ಸ್ವರದ ಎತ್ತರವನ್ನು ವೈಣಿಕನಿಗೆ ಕಿವಿಗಿಂತ ಮೊದಲು ತಿಳಿಸುವ ದೂತ. ಗಮಕಪ್ರಧಾನವಾದ ಸಂಗೀತಕ್ಕೆ ಎದುರು ಒತ್ತದ ಮೇಜು ಸಾಲದು.

ಕೆಲವು ತಿಂಗಳ ಹಿಂದೆ ಪರಿಚಯದ ತರುಣನೊಬ್ಬ, ಎಂಜಿನಿಯರಿಂಗ್ ವಿದ್ಯಾರ್ಥಿ, ಬಾಲ್ಯದಲ್ಲಿ ನಾಲ್ಕು ವರ್ಷ ವೀಣೆಯ ಪಾಠ ಹೇಳಿಸಿಕೊಂಡವನು, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೊಂಡ ಬಿಡಿಭಾಗಗಳಿಂದ ತಾನೇ ಮಾಡಿದ ಒಂದು ಪೆಟ್ಟಿಗೆಯನ್ನು ಮನೆಗೆ ತಂದು ತೋರಿಸಿದ. ಮರದ ಹಲಗೆಯ ಮೇಲೆ ಒಂದು ಉದ್ದನೆಯ ಪಟ್ಟಿ. ಬೆರಳು ಎಲ್ಲಿದೆಯೆಂಬುದು ಒಂದು ಸೆನ್ಸರಿಗೆ, ಎಷ್ಟು ಒತ್ತಿದೆಯೆಂಬುದು ಇನ್ನೊಂದಕ್ಕೆ ತಿಳಿಯುತ್ತದೆ. ಆರ್ಡುಯಿನೋ ಫಲಕವೊಂದು ಅದನ್ನು ಅಂಕಿಯಾಗಿಸಿ, ಉಚಿತವಾಗಿ ದೊರೆಯುವ ಪ್ಯೂರ್ ಡೇಟಾ ಎಂಬ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಮೋಹನ ನುಡಿದಾಗ ಸೊಗಸಾಗಿಯೇ ಇತ್ತು. ತೋಡಿಗೆ ಬಂದಾಗ ಗಾಂಧಾರ ತೂಗಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕುಂಟಿತು. ಅವನು ಮಿಡಿಯ 128 ಮೆಟ್ಟಿಲುಗಳನ್ನು ಬಿಟ್ಟು ಫಲಕವೇ ಕೊಡುವ 1024 ಮೆಟ್ಟಿಲುಗಳನ್ನು ನೇರವಾಗಿ ಬಳಸಿದ. ಕುಂಟು ಕಡಿಮೆಯಾಯಿತು, ಆದರೆ ಸೆನ್ಸರಿನ ನಡುಕ ಕೇಳಿಸತೊಡಗಿತು. ನಡುಕವನ್ನು ಲೆಕ್ಕದಿಂದ ನಯಗೊಳಿಸಿದ; ಆಗ ಬೆರಳಿಗೂ ನಾದಕ್ಕೂ ನಡುವೆ ವಿಳಂಬ ಬಂದಿತು. ಸೆಕೆಂಡಿನ ನೂರನೆಯ ಒಂದು ಭಾಗವನ್ನು ಆ ವಿಳಂಬ ಮೀರಿತೆಂದರೆ, ಕಿವಿ ಅದನ್ನು ಹೆಸರಿಸಲಾರದಿದ್ದರೂ ಕೈಗೆ ಮಾತ್ರ ವಾದ್ಯ ತನ್ನದಲ್ಲವೆನಿಸುತ್ತದೆ. ಇಷ್ಟೆಲ್ಲ ಅವನು ತನ್ನ ಬೆರಳಿನಿಂದಲೇ ಕಲಿತ. ನನಗೆ ಆದ ಸಂತೋಷಕ್ಕೆ ಪಾರವಿರಲಿಲ್ಲ.

ಆರು ತಿಂಗಳ ಮೇಲೆ ಮತ್ತೆ ಬಂದಾಗ ಅವನ ಚೀಲದಲ್ಲಿ ಬೇರೆ ಮೂರು ಪೆಟ್ಟಿಗೆಗಳಿದ್ದವು. ಒಂದಕ್ಕಿಂತ ಒಂದು ಜಾಣತನದ್ದು. ಮೊದಲನೆಯದನ್ನು ಬಿಚ್ಚಿ ಅದರ ಭಾಗಗಳನ್ನು ಇವಕ್ಕೆ ಬಳಸಿಕೊಂಡಿದ್ದ. ಯಾವುದರ ಮೇಲೂ ಒಂದು ವರ್ಣವನ್ನು ಕೊನೆಯವರೆಗೆ ನುಡಿಸಲು ಅವನಿಗೆ ಬರುತ್ತಿರಲಿಲ್ಲ.

ನನ್ನ ಅಭಿಪ್ರಾಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಈ ಕ್ಷೇತ್ರದ ಕೊರತೆ ಸೆನ್ಸರುಗಳದಲ್ಲ, ಸೂಕ್ಷ್ಮತೆಯದೂ ಅಲ್ಲ. ಒಂದೊಂದು ಬೆರಳಿಗೂ ಬೇರೆ ವಾಹಿನಿಯನ್ನು ಕೊಡುವ ಕ್ರಮ 2018ರಲ್ಲಿಯೇ ಮಿಡಿಗೆ ಸೇರಿದೆ. ಒಂದೊಂದು ಸ್ವರವನ್ನೂ ಬೇರೆಯಾಗಿ ಬಾಗಿಸುವ, ಒತ್ತಿದರೆ ಇಳಿಯುವ ಮೆತ್ತನೆಯ ಹಾಸಿನ ವಾದ್ಯಗಳು ಮಾರಾಟಕ್ಕಿವೆ. ಕೊರತೆಯಿರುವುದು ಸ್ಥೈರ್ಯದಲ್ಲಿ. ಉಪಕರಣವು ಕೈ ಕಲಿಯುವವರೆಗೆ ನಿಂತಲ್ಲಿ ನಿಲ್ಲಬೇಕು. ಇಂದು ಎಡಕ್ಕೆ ವಾಲಿಸಿದರೆ ಶ್ರುತಿ, ನಾಳೆ ಅದೇ ವಾಲಾಟಕ್ಕೆ ಲಯ ಎಂದು ತಂತ್ರಾಂಶದಲ್ಲಿ ಅರ್ಥವನ್ನು ಬದಲಿಸುತ್ತ ಹೋದರೆ, ಬೆರಳಿಗೆ ಗೀರು ಬೀಳುವುದೆಂದು? ಮೈಸೂರಿನ ಟಿ. ಚೌಡಯ್ಯನವರು ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿನವರೆಗೆ ಮುಟ್ಟಲೆಂದು ಏಳು ತಂತಿಗಳನ್ನು ಕಟ್ಟಿದರು. ಕಟ್ಟಿದ ಮೇಲೆ ಆ ಏಳರೊಂದಿಗೇ ಬಾಳಿದರು. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಗಮಕವನ್ನು ಕಲಿಸಲು ಹಿಡಿದುದು ವರ್ಷಗಳು. ಕಚೇರಿಯ ವೇದಿಕೆಯ ಮೇಲೆ ಕೈಯ ಹಂಗಿಲ್ಲದೆ ನುಡಿಯುವ ವಿದ್ಯುತ್ ತಂಬೂರಿಯನ್ನು ನಾವು ಎಂದೋ ಒಪ್ಪಿಕೊಂಡಿದ್ದೇವೆ; ವಿದ್ಯುನ್ನಾದಕ್ಕೆ ನಮ್ಮ ಕಿವಿ ಮುಚ್ಚಿಲ್ಲ. ಅದಕ್ಕೆ ಒಂದು ಕೈಯನ್ನು ಕೊಡುವ ಕೆಲಸವಷ್ಟೇ ಉಳಿದಿದೆ. ಗಮಕದ ಶಾಸ್ತ್ರವನ್ನು ಬಲ್ಲ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ, ಬೆಸುಗೆ ಹಾಕಬಲ್ಲ ಹುಡುಗರು ರಾಜ್ಯದ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಲ್ಲಿದ್ದಾರೆ. ಇವರಿಬ್ಬರೂ ಕೂಡಿ ಒಂದೇ ಒಂದು ವಾದ್ಯವನ್ನು ಗೊತ್ತುಮಾಡಿ, ಅದರ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟು, ಹತ್ತು ವರ್ಷ ಅದನ್ನು ಮಾರ್ಪಡಿಸದೆ ಪಾಠ ಹೇಳಲಿ ಎಂಬುದೇ ನನ್ನ ಬೇಡಿಕೆ.

ಆ ತರುಣನೊಡನೆ ಈ ವಿಷಯವಾಗಿ ಒಂದು ಸಂಜೆ ದೀರ್ಘವಾಗಿ ಮಾತಾಡಿದೆ. ಅವನು ಒಪ್ಪಿದನೆಂದು ಹೇಳಲಾರೆ. ಹೊಸದನ್ನು ಕಟ್ಟುವ ಹುಮ್ಮಸ್ಸು ಆ ವಯಸ್ಸಿಗೆ ಸಹಜವಾದುದೇ. ಆದರೆ ಮೊದಲನೆಯ ಪೆಟ್ಟಿಗೆಯನ್ನು ಮತ್ತೆ ಕೂಡಿಸಿದ್ದಾನೆ. ಬರುವ ರಾಮನವಮಿಯವರೆಗೆ ಅದರ ಒಂದು ತಂತಿಯನ್ನಾಗಲಿ ಒಂದು ಅಂಕಿಯನ್ನಾಗಲಿ ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ. ಈಗ ಅವನು ಅದರ ಮೇಲೆ, ಮಾಯಾಮಾಳವಗೌಳದಲ್ಲಿ, ಮೊದಲ ಕಾಲದಲ್ಲಿ, ಸರಳೆಯನ್ನು ಸಾಧಿಸುತ್ತಿದ್ದಾನೆ.