ಅರವತ್ತೊಂದನೆಯ ಮಗು

“ಸರ್ಕಾರಿ ಶಾಲೇಲಿ ಮೇಷ್ಟ್ರೇ ಇಲ್ಲ, ಮಕ್ಕಳನ್ನ ಯಾಕ್ರೀ ಸೇರಿಸೋದು?” ಇದು ಪೇಟೆಯ ಅಂಗಡಿಕಟ್ಟೆಗಳ ಮಾತು. “ಮಕ್ಕಳೇ ಇಲ್ಲ, ಮೇಷ್ಟ್ರನ್ನ ಯಾಕೆ ಕೊಡೋದು?” ಇದು ಇಲಾಖೆಯ ಮಾತು. ಇಬ್ಬರ ಮಾತಿನ ನಡುವೆ ಊರಿನ ಶಾಲೆ ಸೊರಗುತ್ತಿದೆ.

ಲೆಕ್ಕ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಅಂದರೆ ಆ ಅರವತ್ತೊಂದನೆಯ ಮಗು ಟಿ.ಸಿ. ತೆಗೆದುಕೊಂಡು ಹಳದಿ ವ್ಯಾನು ಹತ್ತಿದರೆ ಒಬ್ಬ ಮೇಷ್ಟ್ರು ‘ಹೆಚ್ಚುವರಿ’ ಆಗಿಬಿಡುತ್ತಾರೆ. ಉಳಿದ ಇಬ್ಬರಿಗೆ ಐದು ತರಗತಿ! ಅವರಲ್ಲೊಬ್ಬರು ಜನಗಣತಿಗೋ ಚುನಾವಣೆ ಕೆಲಸಕ್ಕೋ ಹೋದರೆ ಇಡೀ ಶಾಲೆಗೆ ಒಬ್ಬರೇ ಗತಿ. ಇದನ್ನು ಕಂಡ ನಾಲ್ಕು ಮನೆಯವರು ಮುಂದಿನ ಜೂನ್‌ನಲ್ಲಿ ಟಿ.ಸಿ. ಕೇಳುತ್ತಾರೆ. ಅವರನ್ನು ದೂರಲಾದೀತೆ?

ಉಳಿಯುವವರು ಯಾರು? ವ್ಯಾನಿನ ಬಾಡಿಗೆ ಕಟ್ಟಲಾಗದ ಹಮಾಲಿಯ ಮಗ, ಹೂ ಮಾರುವಾಕೆಯ ಮಗಳು. ಅವರ ಪರವಾಗಿ ಕಚೇರಿಗೆ ಹೋಗಿ ಜೋರು ಮಾಡುವವರಿಲ್ಲ. ಜೋರು ಮಾಡಬಲ್ಲವರ ಮಕ್ಕಳೆಲ್ಲ ವ್ಯಾನಿನಲ್ಲಿದ್ದಾರೆ.

2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಾವಲು ಬಿಗಿಯಾಯಿತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಧಾರಾಳವಾಗಿ ಕೊಟ್ಟ ಮೇಲೆ! ಇದು ಖಾಸಗಿ, ಸರ್ಕಾರಿ ಎರಡೂ ಸೇರಿದ ಲೆಕ್ಕ. ಹಳದಿ ವ್ಯಾನು ಹತ್ತಿಸಿದ ಮಾತ್ರಕ್ಕೆ ಯಾರೂ ನಿಶ್ಚಿಂತರಾಗಬೇಕಿಲ್ಲ. ಬೈಗುಳವೆಲ್ಲ ಹತ್ತನೇ ತರಗತಿಯ ಮೇಷ್ಟ್ರಿಗೆ ಬಿತ್ತು. ಮೂರನೇ ತರಗತಿಯಲ್ಲಿ ಭಾಗಾಕಾರ ಹೇಳಿಕೊಡುವವರಿಲ್ಲದ ಮಗು ಹತ್ತರಲ್ಲಿ ಬೀಜಗಣಿತ ಮಾಡೀತು ಹೇಗೆ?

ಸರ್ಕಾರ ತಲೆ ಎಣಿಸುವುದನ್ನು ಬಿಟ್ಟು ತರಗತಿ ಎಣಿಸಲಿ. ತರಗತಿಗೊಬ್ಬ ಶಿಕ್ಷಕರೆಂದರೆ ದುಬಾರಿಯಾಗುತ್ತದೆ, ನಿಜ. ಆದರೆ ಮುಚ್ಚಿದ ಶಾಲೆ ಅದಕ್ಕಿಂತ ದುಬಾರಿ.

ಸಾರ್ವಜನಿಕರದೂ ಪಾಲಿದೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ಪೋಷಕರು ದಿನಗೂಲಿ ಬಿಟ್ಟು ಸಭೆಗೆ ಬರಬೇಕು. ಗಣೇಶನ ಚಂದಾ ಎತ್ತಲು ಒಟ್ಟಾಗುವ ನಮ್ಮ ವರ್ತಕರು ವರ್ಷಕ್ಕೊಮ್ಮೆ ಅವರ ಬೆನ್ನಿಗೆ ನಿಂತು ಬಿ.ಇ.ಓ. ಕಚೇರಿಯ ಮೆಟ್ಟಿಲು ಹತ್ತಬಾರದೇ? ನಿಮ್ಮ ಅಂಗಡಿಯಲ್ಲಿ ನಾಳೆ ಲೆಕ್ಕ ಬರೆಯಬೇಕಾದವರೂ ಇವೇ ಮಕ್ಕಳು ಸ್ವಾಮಿ!

ಮೊದಲು ಮಕ್ಕಳೋ, ಮೊದಲು ಮೇಷ್ಟ್ರೋ ಎಂಬ ಜಗಳ ಸಾಕು. ಮೊದಲು ಮೇಷ್ಟ್ರು ಬರಲಿ. ಶಿಕ್ಷಣಾಧಿಕಾರಿಗಳು ಜೂನ್‌ಗೆ ಮೊದಲೇ ಇತ್ತ ಗಮನ ಹರಿಸುವರೇ?