ಕಂಬಳಿಯನ್ನು ಗೋಡೆಗೆ ಏರಿಸಬೇಡಿ

ಮಾಸಿದ, ತೇಪೆ ಬಿದ್ದ ಕೈಮಗ್ಗದ ಬಟ್ಟೆಗೆ ಹಣ ಸುರಿಯುವ ಸಂಗ್ರಾಹಕರು ಲೋಕದ ತುಂಬ ಇದ್ದಾರೆ. ಬೊಲಿವಿಯಾದ ಆಂಡಿಸ್ ಬೆಟ್ಟಗಳಲ್ಲಿ ಕೊರೋಮಾ ಎಂಬ ಊರಿದೆ. ಅಲ್ಲಿನ ಐಮಾರ ಜನ ಪೂರ್ವಿಕರ ನೇಯ್ಗೆಗಳನ್ನು ಗಂಟು ಕಟ್ಟಿ ಕಾಪಾಡಿಕೊಂಡು ಬಂದವರು. ಆ ಗಂಟೆಂದರೆ ಅವರಿಗೆ ಹಿರಿಯರೇ. ದಲ್ಲಾಳಿಗಳು ಕೆಲವರ ಕೈಬಿಸಿ ಮಾಡಿ ಅವನ್ನು ಸಾಗಿಸಿದರು. ಅಮೆರಿಕದಲ್ಲಿ ಅವು ಮಾರಾಟಕ್ಕೆ ಬಂದವು. ಊರವರು ಪಟ್ಟು ಬಿಡದೆ ಹೋರಾಡಿದ ಮೇಲೆ 1989ರಲ್ಲಿ ಅಮೆರಿಕ ಆ ಬಟ್ಟೆಗಳ ಆಮದನ್ನು ನಿರ್ಬಂಧಿಸಿತು. 1992ರಲ್ಲಿ ಕೆಲವು ಮರಳಿ ಊರು ಸೇರಿದವು.

ಇದು ದೂರದ ಕತೆಯೆಂದು ನಮ್ಮ ತುಮಕೂರು ಜಿಲ್ಲೆಯ ಅಂತರಸನಹಳ್ಳಿಯವರು, ಶಿರಾ, ಪಾವಗಡದವರು, ಗುಬ್ಬಿ, ಕುಣಿಗಲ್ಲಿನವರು ಸುಮ್ಮನಿರುವಂತಿಲ್ಲ. ಬೀರಪ್ಪನ ಗುಡಿಯಲ್ಲಿ, ಗೊಲ್ಲರ ಹಟ್ಟಿಯಲ್ಲಿ ಕಂಬಳಿ ಹಾಸಿದರೇ ಗದ್ದುಗೆ. ಗೊರವಯ್ಯನ ಮೈಮೇಲಿರುವುದು ಕಂಬಳಿ. ಕನಕದಾಸರನ್ನು ನಾವು ಕಣ್ಣ ಮುಂದೆ ತಂದುಕೊಳ್ಳುವುದೂ ಹೆಗಲ ಕಂಬಳಿಯೊಂದಿಗೇ. ಗದ್ದುಗೆಯ ಹಳೆಯ ಕಂಬಳಿಗೆ ನಾಳೆ ಯಾರಾದರೂ ಭಾರಿ ಬೆಲೆ ಹೇಳಿದರೆ ಯಜಮಾನರೇ, ಪೂಜಾರಪ್ಪನವರೇ, ಕೊಡಬೇಡಿ. ಅದು ನಿಮ್ಮೊಬ್ಬರದಲ್ಲ, ಕುಲದ್ದು.

ಆದರೆ ಹಳೆಯದನ್ನು ಕಾಯುವುದಷ್ಟಕ್ಕೇ ನಮ್ಮ ಕೆಲಸ ಮುಗಿಯುವುದಿಲ್ಲ. ನನ್ನ ಸಂಕಟ ಹೊಸ ಕಂಬಳಿಯದು.

ಒಂದು ಕಂಬಳಿಯ ಹಿಂದೆ ಎಷ್ಟು ಕೈಗಳಿವೆ ನೋಡಿ. ಕುರಿಗಾಹಿ ಕತ್ತರಿ ಹಿಡಿದು ಉಣ್ಣೆ ತೆಗೆಯಬೇಕು. ಅದನ್ನು ಬಿಡಿಸಿ, ಎಕ್ಕಿ, ಹದ ಮಾಡಬೇಕು. ಹೆಣ್ಣುಮಕ್ಕಳು ರಾಟೆಯ ಮುಂದೆ ಕೂತು ನೂಲಬೇಕು. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ ಇದೇ, ಕಡಿಮೆ ಕೂಲಿ ದಕ್ಕುವುದೂ ಇದಕ್ಕೇ. ಹಾಸಿನ ನೂಲಿಗೆ ಹುಣಸೆ ಬೀಜದ ಸರಿ ಹಚ್ಚಿ ಬಿಸಿಲಿಗೆ ಒಣಗಿಸಬೇಕು. ಹುಣಸೆಗೆ ಹೆಸರಾದ ಜಿಲ್ಲೆ ನಮ್ಮದು. ಆ ಬೀಜಕ್ಕೂ ಇಲ್ಲೊಂದು ಕೆಲಸವಿತ್ತು. ಆಮೇಲೆ ಗುಂಡಿಮಗ್ಗ. ಕರಿ ಕುರಿಯ ಉಣ್ಣೆಗೆ ಬಣ್ಣ ಬೇಡ. ಅದರ ಜಿಡ್ಡೇ ಮಳೆನೀರನ್ನು ಜಾರಿಸುತ್ತದೆ. ಕೊಪ್ಪೆ ಹಾಕಿಕೊಂಡು ಹೊರಟವನಿಗೆ ಅದೇ ಕೊಡೆ, ಅದೇ ಹಾಸಿಗೆ, ಅದೇ ಹೊದಿಕೆ.

ಈಗ ಅಕ್ಕಿರಾಂಪುರದ ಸಂತೆಯಲ್ಲಿ ಕುರಿಗೆ ಬೆಲೆ ಕಟ್ಟುವುದು ಮಾಂಸ ನೋಡಿ. ಉಣ್ಣೆಗೆ ಸಿಗುವ ಹಣ ಕತ್ತರಿಸಿದ ಕೂಲಿಗೂ ಸಾಲದೆ ಎಷ್ಟೋ ಕುರಿಗಾಹಿಗಳು ಅದನ್ನು ಬೀದಿಗೆ ಸುರಿಯುತ್ತಿದ್ದಾರೆ. ದಖ್ಖನ್ನಿನ ಉದ್ದಕ್ಕೂ ಉಣ್ಣೆಯ ಕುರಿಯ ಜಾಗಕ್ಕೆ ಉಣ್ಣೆಯಿಲ್ಲದ ತಳಿಗಳು ಬರುತ್ತಿವೆ. ಪೇಟೆಯ ತುಂಬ ಪಾಣಿಪತ್ತಿನ ಗಿರಣಿ ಹೊದಿಕೆ. ಕಂಬಳಿಯನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕೇಂದ್ರದ ಕಾಯ್ದೆ 1985ರಿಂದಲೂ ಇದೆ. ಕಾಯ್ದೆ ಮೀಸಲಿಟ್ಟರೂ ಕೊಳ್ಳುವವರು ನಾವಲ್ಲವೇ?

ನೇಕಾರ ಮಗ್ಗ ಬಿಚ್ಚಿದ ಮೇಲೆ ಅವನ ಕೊನೆಯ ಕಂಬಳಿಯನ್ನು ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಿ ಪರಂಪರೆಯೆಂದು ಮೆರೆಯುವುದು ನನಗೆ ಸಹಿಸಲಾಗದ ಮಾತು. ಹಣವಿರುವ ಸಂಗ್ರಾಹಕರೇ, ನಿಮಗೆ ನಿಜವಾಗಿ ಪ್ರೀತಿಯಿದ್ದರೆ ನೂರು ವರ್ಷದ ಕಂಬಳಿಯನ್ನು ಹುಡುಕಬೇಡಿ, ಇವತ್ತು ನೇಯುವವನನ್ನು ಹುಡುಕಿ. ಅವನು ಹೇಳಿದ ಬೆಲೆಗೆ ಚೌಕಾಸಿ ಮಾಡಬೇಡಿ. ಕೊಂಡ ಕಂಬಳಿಯನ್ನು ಹೊದೆಯಿರಿ, ಹಾಸಿರಿ, ಸವೆಯಲು ಬಿಡಿ. ಸವೆದರೆ ತಾನೇ ಇನ್ನೊಂದು ಬೇಕಾಗುವುದು!

ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯ ವರ್ತಕರೇ, ಕೈಗಾರಿಕಾ ಪ್ರದೇಶದ ಮಾಲೀಕರೇ, ನಸುಕಿನ ಚಳಿಯಲ್ಲಿ ಮೂಟೆ ಇಳಿಸುವವರಿಗೆ, ರಾತ್ರಿ ಪಾಳಿಯ ಕಾವಲುಗಾರರಿಗೆ ಹಬ್ಬದ ಉಡುಗೊರೆಯಾಗಿ ಒಂದೊಂದು ಕೈಮಗ್ಗದ ಕಂಬಳಿ ಕೊಡಿ. ಸಭೆಗಳಲ್ಲಿ ನಾಯಕರ ಹೆಗಲಿಗೆ ಕಂಬಳಿ ಹೊದಿಸುವ ಸಂಘದವರೇ, ಅದನ್ನು ಯಾರು ನೇಯ್ದರು, ಅವರಿಗೆ ಎಷ್ಟು ಸಂದಿತು ಎಂದು ಮೊದಲು ಕೇಳಿ. ನೇಯ್ದವರನ್ನೂ ವೇದಿಕೆಗೆ ಕರೆಯಿರಿ. ಮುಂದಿನ ಕನಕ ಜಯಂತಿಗೆ ಬೇಕಾದ ಕಂಬಳಿಗಳಿಗೆ ಈಗಲೇ ಮುಂಗಡ ಕೊಟ್ಟು ಹೇಳಿ. ನೂಲಲು, ಸರಿ ಹಚ್ಚಲು, ನೇಯಲು ಅವರಿಗೆ ದಿನಗಳು ಬೇಕು.